ಕ್ಯಾಂಪರ್ ಜಾಕಿಗೆ ಗ್ರೀಸ್ ಎಲ್ಲಿ ಹಾಕ್ಬೇಕು ಅಂತ ನಾನು ಕಲ್ತಿದ್ದು

ಮೇ ಕೊನೇ ವಾರ, ಮಳೆ ಇನ್ನೂ ಹಿಡ್ದಿರ್ಲಿಲ್ಲ, ಗ್ಯಾರೇಜ್ ಶಟರ್ ಎತ್ತೋಕೂ ಮುಂಚೆ ಫೋನ್ ಬಂತು. ಹುಬ್ಬಳ್ಳಿಯ ಒಬ್ರು ರಿಟೈರ್ಡ್ ಸರ್, ಅಂಕೋಲಾ ಹತ್ರ ದಂಡೆ ಮೇಲಿನ ಹೋಮ್‌ಸ್ಟೇಲಿ ಉಳ್ಕಂಡಿದ್ರು. "ಒಂದ್ ಕಾಲ್ ಮ್ಯಾಲೂ ಹೋಗವಲ್ದು, ತಳಗೂ ಬರವಲ್ದು, ನೀ ಸ್ವಲ್ಪ ಬಂದ್ ನೋಡಪಾ" ಅಂದ್ರು. ಆ ಕಾಲು ಅಂದ್ರೆ ಕ್ಯಾಂಪರ್ ಜಾಕ್. ಗೊತ್ತಿಲ್ದೋರಿಗೆ ಹೇಳ್ತೇನೆ, ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಎಲ್ಲ ಇರೋ ಒಂದ್ ಪೆಟ್ಟಿಗೆ ಪಿಕಪ್ ಗಾಡಿ ಹಿಂದಿನ ಬಾಡಿ ಮೇಲೆ ಕೂತ್ಕಳ್ತದೆ, ಅದ್ರ ನಾಲ್ಕು ಮೂಲೆಗೂ ಒಂದೊಂದು ಉದ್ದ ಜಾಕ್. ಉಳ್ಕಳೋ ಜಾಗ ಬಂದ್ರೆ ನಾಲ್ಕೂ ಜಾಕ್ ಇಳಿಸಿ ಪೆಟ್ಟಿಗೆ ಎತ್ತಿ, ಗಾಡಿನ ಅಡಿಯಿಂದ ಮುಂದಕ್ಕೆ ಓಡಿಸ್ಕಂಡು ಹೋಗ್ಬಿಡೋದು, ಪೆಟ್ಟಿಗೆ ಕಾಲ ಮೇಲೆ ನಿಂತಿರ್ತದೆ. ಇವ್ರದ್ದು ಸಾಮಾನು ನೀರು ಎಲ್ಲ ಸೇರಿ 700 ಕೆಜಿ ಹತ್ರ, ಹನ್ನೆರಡು ದಿನದಿಂದ ಹಾಗೇ ಮರಳಂಗಳದಲ್ಲಿ ನಿಂತಿತ್ತು.

ನಾನು ಹೋಗಿ ನೋಡಿದ್ರೆ ಹಿಂದಿನ ಎಡಗಡೆ ಕಾಲು ಗಟ್ಟಿ ಕೂತಿದೆ, ಉಳಿದ ಮೂರು ಸ್ವಲ್ಪ ಸ್ವಲ್ಪ ಎತ್ತಿದ್ರಿಂದ ಪೆಟ್ಟಿಗೆ ಒಂದ್ ಕಡೆ ವಾಲಿದೆ, ಒಳಗೆ ಒಲೆ ಮೇಲಿದ್ದ ಚಾ ಪಾತ್ರೆ ಜಾರಿ ಗೋಡೆಗೆ ಒರಗಿ ನಿಂತಿದೆ. ಹ್ಯಾಂಡಲ್ ತಿರುಗ್ಲಿಲ್ಲ ಹೇಳ್ಕಂಡು ಸರ್ ಅದಕ್ಕೆ ಒಂದ್ ಉದ್ದ ಪೈಪ್ ಸಿಕ್ಕಿಸಿ ಜಗ್ಗಿದಾರೆ, ಟಕ್ ಅಂತ ಸದ್ದು ಬಂದು ಈಗ ಹ್ಯಾಂಡಲ್ ಸಲೀಸಾಗಿ ತಿರುಗ್ತಿದೆ ಆದ್ರೆ ಕಾಲು ಅಲ್ಲಾಡ್ತಿಲ್ಲ. ಗೇರಿನ ಪಿನ್ ಕಟ್ಟಾಗಿದೆ ಅಂತ ಆಗ್ಲೇ ಗೊತ್ತಾಯ್ತು. ಆ ಪಿನ್ ಇರೋದೇ ಕಟ್ಟಾಗೋಕೆ, ಜಾಸ್ತಿ ಜೋರು ಬಿದ್ರೆ ಗೇರ್ ಹಲ್ಲು ಹೋಗೋ ಬದ್ಲು ಅದು ಹೋಗ್ತದೆ, ಹಾಗಾಗಿ ಅದ್ರ ಜಾಗಕ್ಕೆ ಮೊಳೆ ಗಿಳೆ ಹೊಡೆದು ಕೆಲ್ಸ ನಡೆಸೋರನ್ನ ಕಂಡ್ರೆ ನಂಗೆ ಸಂಕಟ ಆಗ್ತದೆ.

ಮೊದ್ಲು ಆ ಮೂಲೆ ಅಡಿಗೆ ಮತ್ತಿ ಮರದ ತುಂಡು ಅಡ್ಡ ಉದ್ದ ಪೇರಿಸಿ, ಬಾಟಲ್ ಜಾಕಲ್ಲಿ ಒಂದ್ ಇಂಚು ಎತ್ತಿ ಮರದ ಮೇಲೆ ಕೂರಿಸಿದೆ, ಆಮೇಲೇ ಕಾಲು ಬಿಚ್ಚಿದ್ದು. ಪೆಟ್ಟಿಗೆ ಅಡಿಗೆ ಕೈ ಹಾಕೋಕೆ ಮುಂಚೆ ಮರ, ಇದ್ರಲ್ಲಿ ಮಾತ್ರ ನಾನು ಯಾರ ಅವಸರಕ್ಕೂ ಬಗ್ಗೋದಿಲ್ಲ.

ಕಾಲು ಕಾರವಾರಕ್ಕೆ ತಂದು ಮೇಸ್ತ್ರಿ ಮುಂದಿಟ್ಟೆ. ನಮ್ಮ ಮೇಸ್ತ್ರಿ ಬೈತಖೋಲ್ ಬಂದರಿಗೆ ಬರೋ ಟ್ರೇಲರ್‌ಗಳ ಲ್ಯಾಂಡಿಂಗ್ ಲೆಗ್, ಅಂದ್ರೆ ಎಳೆಯೋ ಲಾರಿ ಬಿಚ್ಚಿದ ಮೇಲೆ ಟ್ರೇಲರ್ ನಿಲ್ಲೋ ಕಾಲು, ರಿಪೇರಿ ಮಾಡ್ತಾ ಕೂದ್ಲು ಬೆಳ್ಳಗೆ ಮಾಡ್ಕಂಡೋರು, ಒಳಗಿನ ಕಟ್ಟು ಎರಡಕ್ಕೂ ಹೆಚ್ಚು ಕಮ್ಮಿ ಒಂದೇ. ಕಾಲನ್ನ ಒಂದ್ಸಲ ತಿರುಗಿಸಿ ನೋಡಿ, "ಇದಕ್ಕೆ ಗ್ರೀಸ್ ಯಾವಾಗ ಹಾಕಿದ್ದು?" ಅಂದ್ರು.

"ಜನವರೀಲಿ ನಾನೇ ಹಾಕಿದ್ದು ಮೇಸ್ತ್ರಿ, ನಾಲ್ಕಕ್ಕೂ ಹಾಕಿದೀನಿ."

"ಎಲ್ಲಿಗೆ ಹಾಕಿದ್ಯೋ ತಮಾ, ತೋರ್ಸು."

ನಾನು ತೋರಿಸಿದ್ದು ಹೊರಗೆ ಕಾಣೋ ಒಳ ಪೈಪನ್ನ, ಮೇಲೆ ಕೆಳಗೆ ಜಾರ್ತದಲ್ಲ ಅದು. ಜನವರೀಲಿ ಅದಕ್ಕೆ ದಪ್ಪಗೆ ಗ್ರೀಸ್ ಬಳಿದು, ಹೊಳೆಯೋ ಹಾಗೆ ಮಾಡಿ, 600 ರೂಪಾಯಿ ಬಿಲ್ ಮಾಡಿ ಕಳಿಸಿದ್ದೆ. ಈಗ ಆ ಗ್ರೀಸ್ ತುಂಬ ಮರಳು. ಮೇಸ್ತ್ರಿ ಅದ್ರಲ್ಲಿ ಒಂಚೂರು ತೆಗೆದು ನನ್ನ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು "ಉಜ್ಜು" ಅಂದ್ರು. ಬರೋಬ್ಬರಿ ಲೋಹ ಉಜ್ಜಿ ಸವೆಸೋ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಥರ. ಹೊರಗಿನ ಪೈಪ್ ಒಳಗಿನ ಪೈಪ್ ನಡುವೆ ಅದೇ ಹೊಕ್ಕು, ಇಳಿಸಿದಾಗ ಎತ್ತಿದಾಗ ಎರಡನ್ನೂ ತಿಂದಿದೆ, ಕೊನೆಗೆ ಗಂಟು ಕಟ್ಟಿ ಹಿಡ್ಕಂಡಿದೆ.

ಆಮೇಲೆ ಮೇಲಿನ ಮುಚ್ಚಳ ಬಿಚ್ಚಿ ಸ್ಕ್ರೂ ರಾಡ್ ಹೊರಗೆ ಎಳೆದ್ರು. ಒಣಕಲು. ಕೆಂಪು ಪುಡಿ ಉದುರ್ತಿತ್ತು. ನಾನು ಹಾಕಿದ ಗ್ರೀಸಲ್ಲಿ ಒಂದ್ ಹನಿ ಕೂಡ ಅಲ್ಲಿಗೆ ಮುಟ್ಟಿರ್ಲಿಲ್ಲ.

ಇಷ್ಟು ವರ್ಷ ಜಾಕ್ ಹಿಡಿದವನಿಗೆ ಅವತ್ತೇ ಸರಿಯಾಗಿ ತಲೆಗೆ ಹೋಗಿದ್ದು ಏನಂದ್ರೆ ನಾವು ನೋಡೋ ಪೈಪ್ ಭಾರನ ನೆಲಕ್ಕೆ ಮುಟ್ಟಿಸ್ತದೆ ನಿಜ, ಆದ್ರೆ ಅದ್ರ ಜಾರೋ ಮೈ ಕಾಲು ಓರೆ ಆಗದ ಹಾಗೆ ದಾರಿ ತೋರಿಸ್ತದೆ ಅಷ್ಟೇ. ಭಾರ ಹೊತ್ಕಂಡು ಸವೆಯೋದು ಒಳಗಿನ ಸ್ಕ್ರೂ, ಅದ್ರ ಮೇಲೆ ಓಡೋ ನಟ್ಟು, ಮತ್ತೆ ಸ್ಕ್ರೂ ತಲೆ ಹತ್ರ ಒತ್ತೋ ಭಾರ ತಡ್ಕಳೋ ಗುಂಡುಗಳ ಥ್ರಸ್ಟ್ ಬೇರಿಂಗ್, ಈ ಮೂರು. ಹ್ಯಾಂಡಲ್ ಅಡ್ಡಕ್ಕೆ ತಿರುಗಿಸ್ತೇವೆ, ಮೇಲೆ ಎರಡು ಬೆವೆಲ್ ಗೇರ್, ಅಂದ್ರೆ ಓರೆ ಹಲ್ಲಿನ ಗೇರ್, ಆ ತಿರುವನ್ನ ಕೆಳಮುಖ ಮಾಡ್ತದೆ, ಸ್ಕ್ರೂ ಇದ್ದಲ್ಲೇ ತಿರುಗ್ತದೆ, ನಟ್ಟು ಕೆಳಗೆ ಇಳೀತಾ ಒಳ ಪೈಪನ್ನ ನೆಲಕ್ಕೆ ಒತ್ತುತ್ತದೆ. ಥ್ರೆಡ್ ಇರೋದು ಆಕ್ಮೆ, ಮಾಮೂಲಿ ಬೋಲ್ಟಿನ ಹಾಗೆ ಚೂಪಲ್ಲ, ಅಗಲದ ಹಲ್ಲು, 29 ಡಿಗ್ರಿ ಕೋನ. ಒಂದ್ ಸುತ್ತಿಗೆ ಇದು ಏರೋದು ತೀರ ಕಮ್ಮಿ ಇರೋದ್ರಿಂದ ಹ್ಯಾಂಡಲ್ ಬಿಟ್ರೂ ಭಾರಕ್ಕೆ ತಾನೇ ತಿರುಗಿ ಇಳಿಯೋದಿಲ್ಲ, ಬ್ರೇಕ್ ಗೀಕ್ ಇಲ್ದೇ 700 ಕೆಜಿ ನಿಲ್ಲೋದು ಹೀಗೆ. ಆದ್ರೆ ಆ ಹಲ್ಲಿಗೂ ನಟ್ಟಿಗೂ ಸದಾ ಉಜ್ಜಾಟ, ಎಣ್ಣೆ ಅಂಶ ಇಲ್ಲ ಅಂದ್ರೆ ನಟ್ಟಿನ ಹಲ್ಲು ಸವೆದು ಬ್ಲೇಡಿನ ಹಾಗೆ ಆಗ್ತದೆ, ಒಂದಿನ ಭಾರದ ಮೇಲೆ ಇದ್ದಾಗ್ಲೇ ಕಿತ್ಕಂಡು ಹೋಗಿ ಕಾಲು ದಡಕ್ಕನೆ ಕುಸೀತದೆ. ಸರ್ ಜಾಕಿನ ನಟ್ಟು ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಪೈಪ್ ಹಾಕಿ ಜಗ್ಗಿದಾಗ ಪಿನ್ ಹೋಗಿದ್ದೇ ಪುಣ್ಯ, ನಟ್ಟು ಹೋಗಿದ್ರೆ ಪೆಟ್ಟಿಗೆ ಅವ್ರ ಕಡೆಗೇ ವಾಲ್ತಿತ್ತು.

ನಮ್ಮ ಈ ದಂಡೆ ಕಡೆ ಇನ್ನೊಂದು ಕಥೆ ಇದೆ. ಉಪ್ಪು ಗಾಳೀಲಿ ಬಂದು ಕೂತ್ಕಂಡ್ರೆ ಅದು ಸುಮ್ನೆ ಬಿಳೀ ಪುಡಿ ಆಗಿ ಇರೋದಿಲ್ಲ, ಗಾಳೀಲಿ ತೇವಾಂಶ ಶೇಕಡಾ 75 ದಾಟಿದ್ರೆ ಉಪ್ಪು ತಾನೇ ನೀರು ಎಳ್ಕಂಡು ಕರಗ್ತದೆ, ಅಂದ್ರೆ ಮಳೆ ಬರ್ದೇ ಇದ್ರೂ ಕಬ್ಬಿಣದ ಮೇಲೆ ಉಪ್ಪುನೀರಿನ ಪದರ. ಕಾರವಾರದಲ್ಲಿ ಬೆಳಗಿನ ಹೊತ್ತು ತೇವಾಂಶ ಅದಕ್ಕಿಂತ ಮೇಲೇ ಇರೋ ದಿನಗಳೇ ಹೆಚ್ಚು. ಶಿರಸಿ ಕಡೆ ಮಳೆ ಜೋರೇ ಆದ್ರೂ ಈ ಉಪ್ಪಿನ ಕಾಟ ಇಲ್ಲ, ಅಲ್ಲಿ ಎರಡು ವರ್ಷ ಸುಮ್ನಿದ್ದ ಜಾಕು ಇಲ್ಲಿ ಆರು ತಿಂಗಳಿಗೆ ಕೂಗ್ತದೆ.

ಈಗ ನಾನು ಹೇಗೆ ಮಾಡ್ತೇನೆ ಅಂದ್ರೆ, ಪೆಟ್ಟಿಗೆ ಗಾಡಿ ಮೇಲೆ ಕೂತು ಬಿಗಿದಿರಬೇಕು, ನಾಲ್ಕೂ ಕಾಲು ಗಾಳೀಲಿರಬೇಕು, ಭಾರ ಇರೋ ಜಾಕಿಗೆ ಸ್ಪ್ಯಾನರ್ ಮುಟ್ಟಿಸೋದೇ ಇಲ್ಲ. ಸಿಹಿ ನೀರಲ್ಲಿ ಉಪ್ಪು ಮರಳು ತೊಳೀತೇನೆ, ಪ್ರೆಶರ್ ವಾಷರ್ ಮಾತ್ರ ಮೇಲಿನ ಗೇರ್ ಮುಚ್ಚಳಕ್ಕೆ ಹೊಡೆಯೋದಿಲ್ಲ, ನೀರು ಒಳಗೆ ನುಗ್ತದೆ. ಕಾಲಿನ ಅಡಿ ಹತ್ರ ನೀರು ಇಳಿಯೋಕೆ ಒಂದ್ ಸಣ್ಣ ತೂತು ಇರ್ತದೆ, ಅದು ಕೆಸರು ಕಟ್ಟಿದ್ರೆ ಮೇಲಿಂದ ಹೋದ ನೀರೆಲ್ಲ ಪೈಪ್ ಒಳಗೇ ನಿಂತು ಒಳಗಿಂದ್ಲೇ ತುಕ್ಕು ತಿಂತದೆ, ಹೊರಗೆ ಬಣ್ಣ ಚೆನ್ನಾಗೇ ಇರ್ತದೆ. ತಂತಿ ಹಾಕಿ ಅದನ್ನ ಬಿಡಿಸೋದು ಎರಡು ನಿಮಿಷದ ಕೆಲ್ಸ. ಆಮೇಲೆ ಮುಚ್ಚಳ ಬಿಚ್ಚಿ ಗೇರು, ಬೇರಿಂಗಿನ ಹಳೇ ಗ್ರೀಸ್ ತೆಗೆದು ಡೀಸೆಲಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಂಗೈಲಿ ಗ್ರೀಸ್ ಇಟ್ಕಂಡು ಬೇರಿಂಗನ್ನ ಅದಕ್ಕೆ ಒತ್ತಿ ಒತ್ತಿ ಗುಂಡುಗಳ ನಡುವೆ ತುಂಬಿಸ್ತೇನೆ. ಸ್ಕ್ರೂಗೆ ಗ್ರೀಸ್ ಹಾಕೋಕೆ ಕೆಲವು ಜಾಕಲ್ಲಿ ಹೊರ ಪೈಪಿಗೆ ರಬ್ಬರ್ ಬಿರಡೆ ಹಾಕಿದ ತೂತು ಇರ್ತದೆ, ಇಲ್ದೇ ಇದ್ರೆ ಸ್ಕ್ರೂ ಹೊರಗೆ ತೆಗೀಲೇಬೇಕು. ಹಾಕಿದ ಮೇಲೆ ತುದಿಯಿಂದ ತುದಿವರೆಗೆ ನಾಲ್ಕೈದು ಸಲ ಓಡಿಸಿದ್ರೆ ನಟ್ಟೇ ಗ್ರೀಸನ್ನ ಎಲ್ಲ ಕಡೆ ಒಯ್ತದೆ. ಹೊರಗೆ ಕಾಣೋ ಒಳ ಪೈಪಿಗೆ ಸಿಲಿಕೋನ್ ಸ್ಪ್ರೇ ತೆಳ್ಳಗೆ ಹೊಡೆದು ಒಣ ಬಟ್ಟೇಲಿ ಒರೆಸಿಬಿಡ್ತೇನೆ, ಮುಟ್ಟಿದ್ರೆ ಕೈಗೆ ಅಂಟಬಾರದು.

ತೆಗೆದ ಹಳೇ ಗ್ರೀಸ್ ಎಸೆಯೋಕೆ ಮುಂಚೆ ಬಿಸಿಲಿಗೆ ಹಿಡಿದು ನೋಡೋದು ಮೇಸ್ತ್ರಿ ಕಲಿಸಿದ್ದು. ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ರೆ ನೀರು ಹೋಗಿದೆ. ಕೆಂಪಾಗಿದ್ರೆ ತುಕ್ಕು. ಚಿನ್ನದ ಪುಡಿ ಥರ ಮಿಣಮಿಣ ಅಂದ್ರೆ ನಟ್ಟು ಸವೀತಿದೆ, ಯಾಕಂದ್ರೆ ಆ ನಟ್ಟು ಕಂಚಿನದ್ದು. ಹಾಗೆ ಕಂಡ್ರೆ ಗ್ರೀಸ್ ಬದಲಿಸಿ ಕಳಿಸೋದಲ್ಲ, ನಟ್ಟು ಅಳತೆ ನೋಡ್ಲೇಬೇಕು.

ಗ್ರೀಸ್ ಯಾವ್ದು ಅಂತ ಎಲ್ರೂ ಕೇಳ್ತಾರೆ. ಕಂಪನಿ ಪುಸ್ತಕದಲ್ಲಿ ಹೇಳಿದ್ದು ಸಿಕ್ರೆ ಅದೇ. ಸಿಗ್ಲಿಲ್ಲ ಅಂದ್ರೆ ಒಳ್ಳೇ ಲಿಥಿಯಂ ಗ್ರೀಸ್, ಗಟ್ಟಿತನದ ನಂಬರ್ 2 ಇರೋದು, ನಡೀತದೆ, ದಂಡೆ ಗಾಡಿಗಳಿಗೆ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ಸಿಕ್ರೆ ನನಗೆ ಅದೇ ಇಷ್ಟ, ಉಪ್ಪುನೀರಿಗೆ ಜಗ್ಗೋದಿಲ್ಲ, ಬೆಲೆ ಜಾಸ್ತಿ ಅಷ್ಟೇ. ಹಳೇದ್ರ ಮೇಲೆ ಬೇರೆ ಜಾತಿ ಗ್ರೀಸ್ ಹಾಕಿದ್ರೆ ಕೆಲವು ಒಂದಕ್ಕೊಂದು ಹೊಂದೋದಿಲ್ಲ, ಎರಡೂ ನೀರಾಗಿ ಸೋರಿ ಹೋಗಬಹುದು, ಬಣ್ಣ ಒಂದೇ ಇದೆ ಅಂತ ನಂಬಬೇಡಿ. ಡಬ್ಲ್ಯೂಡಿ-40 ಹೊಡೆದಿದೀನಿ ಸಾಕಲ್ಲ ಅನ್ನೋರಿಗೆ ನಾನು ಅದ್ರ ಹೆಸರನ್ನೇ ಬಿಡಿಸಿ ಹೇಳ್ತೇನೆ, ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರು ಓಡಿಸೋದು, 1953ರಲ್ಲಿ ಅಮೆರಿಕಾದಲ್ಲಿ ತುಕ್ಕು ತಡೆಯೋಕೆ ಅಂತ ನಲವತ್ತನೇ ಪ್ರಯತ್ನದಲ್ಲಿ ಆಗಿದ್ದು. ಹಿಡಿದ ಬೋಲ್ಟ್ ಬಿಡಿಸೋಕೆ ಅದು ಬಹಳ ಒಳ್ಳೇದು, ಆದ್ರೆ ಭಾರ ಹೊರೋ ಸ್ಕ್ರೂಗೆ ಅದನ್ನೇ ನಂಬಿದ್ರೆ ಇದ್ದ ಗ್ರೀಸೂ ತೆಳ್ಳಗಾಗಿ ಇಳಿದು ಹೋಗ್ತದೆ.

ಕರೆಂಟ್ ಮೋಟರ್ ಇರೋ ಕೆಲವು ಜಾಕಲ್ಲಿ ಆಕ್ಮೆ ಬದ್ಲು ಬಾಲ್ ಸ್ಕ್ರೂ ಇರ್ತದೆ, ಅಂದ್ರೆ ಸ್ಕ್ರೂಗೂ ನಟ್ಟಿಗೂ ನಡುವೆ ಗುಂಡುಗಳು ಉರುಳೋದು. ಅದು ಬಹಳ ಸಲೀಸು, ಹಾಗಾಗಿ ತಾನೇ ಇಳಿದುಬಿಡ್ತದೆ, ಅದನ್ನ ತಡೆಯೋಕೆ ಒಂದು ಬ್ರೇಕ್ ಇಟ್ಟಿರ್ತಾರೆ. ಆ ಬ್ರೇಕ್ ಪ್ಯಾಡಿಗೆ ಗ್ರೀಸ್ ಮುಟ್ಟಿಸಿದ್ರೆ ಪೆಟ್ಟಿಗೆ ನಿಲ್ಲೋದೇ ಇಲ್ಲ. ಬಿಚ್ಚೋಕೆ ಮುಂಚೆ ಒಳಗೆ ಯಾವ ಸ್ಕ್ರೂ ಇದೆ ಅಂತ ತಿಳ್ಕಳ್ಳಿ.

ಸರ್ ಜಾಕಿಗೆ ಹಳೇ ನಟ್ಟಿನ ಅಳತೆ ಕೊಟ್ಟು ಲೇತಲ್ಲಿ ಗನ್ ಮೆಟಲ್, ಅಂದ್ರೆ ಒಂದ್ ಬಗೆ ಕಂಚಿನ, ನಟ್ಟು ಮಾಡಿಸಿದ್ವಿ, ಕಂಪನಿಯದ್ದೇ ಪಿನ್ ತರಿಸಿದ್ವಿ, ಉಳಿದ ಮೂರು ಕಾಲೂ ಬಿಚ್ಚಿದ್ವಿ, ಅವೂ ಒಣಗೇ ಇದ್ವು. ಮಜೂರಿ ನಾನು ತಗೊಳ್ಳಿಲ್ಲ, ಜನವರಿಯ 600 ರೂಪಾಯಿನೂ ವಾಪಸ್ ಕೊಟ್ಟೆ. ಅವ್ರಿಗೆ ಹೇಳಿದ್ದು ಎರಡೇ. ಎತ್ತುವಾಗ ಒಂದೊಂದು ಕಾಲಿಗೆ ಹತ್ತತ್ತು ಸುತ್ತು ಎಣಿಸಿ, ನಾಲ್ಕನ್ನೂ ಸರದಿ ಮೇಲೆ ತಿರುಗಿಸಿ, ಒಂದೇ ಮೂಲೆ ಎತ್ತಿ ಭಾರ ಎಲ್ಲ ಎರಡು ಕಾಲಿಗೆ ಹಾಕ್ಬೇಡಿ, ಮರಳಲ್ಲಾದ್ರೆ ಕಾಲಡಿ ಅಗಲ ಹಲಗೆ. ಮತ್ತೆ ಯಾವ್ದೇ ಹ್ಯಾಂಡಲ್ ಉಳಿದ ಮೂರಕ್ಕಿಂತ ಬಿಗಿ ಅನ್ನಿಸಿದ್ರೆ ಅಲ್ಲೇ ನಿಲ್ಸಿ ಫೋನ್ ಮಾಡಿ, ಪೈಪ್ ಹುಡುಕ್ಬೇಡಿ.

"ನಾ ಏನ್ ಪೈಪ್ ಮುಟ್ಟಂಗಿಲ್ಲ ಬಿಡಪಾ" ಅಂದ್ರು. ಸರ್ ಮನೆಯವ್ರು ಒಳಗಿಂದ ಒಂದ್ ನೋಟ್‌ಬುಕ್ ತಂದು ನಾಲ್ಕೂ ಕಾಲಿನ ಲೆಕ್ಕ ಬರ್ಕೊಂಡ್ರು, ಒಂದ್ ಇಂಚಿಗೆ ಎಷ್ಟು ಸುತ್ತು ಅಂತ. ಮಳೆಗಾಲ ಕಳೆದು ಅಕ್ಟೋಬರದಲ್ಲಿ ಮತ್ತೆ ಬರ್ತಾರೆ, ಬಂದ ದಿನವೇ ಮೊದ್ಲು ಅಡಿ ತೂತಿಗೆ ತಂತಿ ಹಾಕಿ ನೋಡೋದು ಅಂತ ಗ್ಯಾರೇಜ್ ಕ್ಯಾಲೆಂಡರಲ್ಲಿ ಬರೆದಿಟ್ಟಿದೀನಿ.