ಎಳೆಯದ ಗೆರೆ ಎಲ್ಲಿಂದ ಬಂತು?

ಪೆನ್ ಟ್ಯಾಬ್ಲೆಟ್ (ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆ) ಕೊಂಡು ಕ್ರಿಟಾ ಎಂಬ ತಂತ್ರಾಂಶದಲ್ಲಿ ಚಿತ್ರ ಬರೆಯಲು ಆರಂಭಿಸಿದವರು ತಿಂಗಳೊಳಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ನಾನು ಎಳೆಯದ ಗೆರೆಗಳು ಬೀಳುತ್ತಿವೆ, ಬ್ರಷ್ ಕೆಟ್ಟಿದೆಯೇ?” ಬ್ರಷ್ ಕೆಡುವುದು ಅಪರೂಪ. ತಂತ್ರಾಂಶವನ್ನು ತೆಗೆದು ಮತ್ತೆ ಹಾಕುತ್ತ ಕೂರುವ ಮೊದಲು ಅದೇ ಗೆರೆಯನ್ನು ಅದೇ ಬ್ರಷ್‌ನಿಂದ ಮೌಸ್ ಹಿಡಿದು ಎಳೆದು ನೋಡಿ ಎನ್ನುತ್ತೇನೆ. ಆಗಲೂ ಬೇಡದ ಗುರುತು ಬಿದ್ದರೆ ತಪ್ಪು ಬ್ರಷ್‌ನ ಸೆಟ್ಟಿಂಗ್‌ನಲ್ಲಿದೆ, ಇಲ್ಲವೇ ಎಳೆದ ಗೆರೆಯನ್ನು ಕನ್ನಡಿಯಂತೆ ಇನ್ನೊಂದು ಬದಿಯಲ್ಲೂ ಮೂಡಿಸುವ, ಅರಿವಿಲ್ಲದೆ ಒತ್ತಿಹೋದ ಮಿರರ್ ಗುಂಡಿಯಲ್ಲಿದೆ. ಬ್ರಷ್ಷನ್ನು ಮೂಲ ರೂಪಕ್ಕೆ ಮರಳಿಸಿದರೆ, ಮಿರರ್ ಆಫ್ ಮಾಡಿದರೆ ಮುಗಿಯಿತು. ಬೀಳದಿದ್ದರೆ ಪೆನ್ನು, ಡ್ರೈವರ್ (ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಅರ್ಥಮಾಡಿಸುವ ತಂತ್ರಾಂಶ), ವಿಂಡೋಸ್ ಈ ಮೂವರಲ್ಲಿ ಒಬ್ಬರನ್ನು ಹಿಡಿಯಬೇಕು.

ನನ್ನದೇ ಕಥೆ ಹೇಳುತ್ತೇನೆ. ಒಮ್ಮೆ ‘ಅಕ್ಕ’ ಎಂದು ಬರೆದರೆ ಮೇಲಿನ ಅಕ್ಷರದಿಂದ ಕೆಳಗಿನ ಒತ್ತಿನವರೆಗೆ ಕೂದಲೆಳೆಯಂಥ ಗೆರೆಯೊಂದು ತಾನಾಗಿಯೇ ಮೂಡುತ್ತಿತ್ತು. ಮೂರು ವಾರ ಡ್ರೈವರನ್ನು ಬೈದೆ. ಕೊನೆಗೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿರುವ ಟ್ಯಾಬ್ಲೆಟ್ ಟೆಸ್ಟರ್ ತೆರೆದು ಪೆನ್ನನ್ನು ಹಲಗೆಗೆ ತಾಗಿಸದೆ ಅರ್ಧ ಬೆರಳು ಮೇಲೆ ಹಿಡಿದಾಗಲೂ ಒತ್ತಡದ ಅಂಕಿ 0 ಆಗಲಿಲ್ಲ; ಅಂದರೆ ಕೈ ಎತ್ತಿದ್ದು ಪೆನ್ನಿಗೆ ತಿಳಿದೇ ಇರಲಿಲ್ಲ. ಪೆನ್ನಿನ ಜೊತೆ ಬಂದಿದ್ದ ಪುಟ್ಟ ಉಂಗುರದಿಂದ ನಿಬ್ ಕಿತ್ತು ನೋಡಿದರೆ ಅದರ ತುದಿ ಉಳಿಯಂತೆ ಓರೆಯಾಗಿ ಸವೆದಿತ್ತು, ಬುಡದಲ್ಲಿ ಧೂಳು ಕಚ್ಚಿಕೊಂಡು ನಿಬ್ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಒರೆಸಿ ಹೊಸ ನಿಬ್ ಹಾಕಿದ ಮೇಲೆ ಒತ್ತು ಒತ್ತಾಗಿಯೇ ಉಳಿಯಿತು. ಹೊಸ ನಿಬ್ ಕೈಗೆ ಸಿಗುವ ತನಕ ಅದೇ ಸೆಟ್ಟಿಂಗ್ಸ್ ಪುಟದ ಒತ್ತಡದ ವಕ್ರರೇಖೆಯಲ್ಲಿ ಎಡಗಡೆಯ ಕೆಳಬಿಂದುವನ್ನು ಸ್ವಲ್ಪ ಬಲಕ್ಕೆ ಎಳೆದರೆ ಅತಿ ಹಗುರ ಒತ್ತಡ ಲೆಕ್ಕಕ್ಕೆ ಬಾರದೆ, ಕೆಲಸ ನಡೆಯುತ್ತದೆ.

ಗೆರೆಯ ಆರಂಭವೇ ತಡವಾಗಿ, ಬಾಗಬೇಕಾದ ಕಡೆ ನೇರವಾಗಿ ಬರುತ್ತಿದ್ದರೆ ಅದು ಸಾಮಾನ್ಯವಾಗಿ ವಿಂಡೋಸ್‌ನ ಉಪಕಾರ. ಪೆನ್ನನ್ನು ಒತ್ತಿ ಹಿಡಿದರೆ ಬಲ ಕ್ಲಿಕ್ ಎಂದು ತಿಳಿಯುವ ವ್ಯವಸ್ಥೆ ಅದರಲ್ಲಿದ್ದು, ನೀವು ಒತ್ತಿದ್ದು ಕ್ಲಿಕ್ಕೋ ಗೆರೆಯೋ ಎಂದು ಅದು ಕಾದು ನೋಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪೆನ್ ಆ್ಯಂಡ್ ಟಚ್ ವಿಭಾಗದಲ್ಲಿ ಅದನ್ನು ಆಫ್ ಮಾಡಬಹುದು. ಅಷ್ಟಕ್ಕೂ ಹೋಗದಿದ್ದರೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ, ಪೆನ್ನಿನ ಚಲನೆಯನ್ನು ತಂತ್ರಾಂಶಕ್ಕೆ ಮುಟ್ಟಿಸುವ ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್ ಎಂಬ ಎರಡು ದಾರಿಗಳಲ್ಲಿ ಈಗಿರುವುದನ್ನು ಬಿಟ್ಟು ಇನ್ನೊಂದನ್ನು ಆರಿಸಿ, ಕ್ರಿಟಾ ಮುಚ್ಚಿ ಮತ್ತೆ ತೆರೆಯಬೇಕು. ಮುಚ್ಚಿ ತೆರೆಯದೆ “ಏನೂ ಬದಲಾಗಲಿಲ್ಲ” ಎಂದು ಬರೆದು ಕಳಿಸುವವರು ಬಹಳ.

ಕೈ ನಡುಕದಂತೆ ಕಾಣುವ ಅಲೆಗಳಿಗೆ ಎಲ್ಲರೂ ಹೇಳುವ ಮದ್ದು ಸ್ಟೆಬಿಲೈಜರ್, ಅಂದರೆ ಗೆರೆಯನ್ನು ತಾನಾಗಿ ನಯಗೊಳಿಸುವ ಕ್ರಿಟಾದ ಸೌಲಭ್ಯ. ನನಗೆ ಅದು ಗೋಡೆಯ ಬಿರುಕಿಗೆ ಸುಣ್ಣ ಬಳಿದಂತೆ ಕಾಣುತ್ತದೆ. ಮೊದಲು ಹಲಗೆಯ ಮೇಲೆ ಸ್ಕೇಲ್ ಇಟ್ಟು ಓರೆಯಾಗಿ, ಬಹಳ ನಿಧಾನವಾಗಿ ಒಂದು ಗೆರೆ ಎಳೆಯಿರಿ. ಸ್ಕೇಲಿಗೆ ಅಂಟಿಕೊಂಡೇ ಎಳೆದರೂ ಅಲೆ ಬಂದರೆ ಅದು ನಿಮ್ಮ ಕೈಯದಲ್ಲ. ಆಗ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಇನ್ನೊಮ್ಮೆ ಎಳೆಯಿರಿ. ಅರ್ತಿಂಗ್ ಸರಿಯಿಲ್ಲದ ಸಾಕೆಟ್ಟಿನ ಮನೆಗಳಲ್ಲಿ ಕೆಲವೊಮ್ಮೆ ಅಷ್ಟರಿಂದಲೇ ಗೆರೆ ನೇರವಾಗುತ್ತದೆ. ಚಾರ್ಜರ್ ಕಿತ್ತರೂ ಅಲೆ ಉಳಿದರೆ ಆ ಹಲಗೆಯ ಗುಣವೇ ಅಷ್ಟು. ಆಗ ಸ್ಟೆಬಿಲೈಜರ್ ಹಾಕಿಕೊಳ್ಳಿ, ಇಲ್ಲವೇ ಓರೆ ಗೆರೆಗಳನ್ನು ಸ್ವಲ್ಪ ವೇಗವಾಗಿ ಎಳೆಯಿರಿ.