ಗಾಜಿನಲ್ಲಿ ಒಂದು ಆಕ್ಟೋಪಸ್

ಆಕ್ಟೋಪಸ್‌ನ ತಲೆ ಎಲ್ಲಿದೆ ಅಂತ ಕೇಳಿದರೆ ಯಾರಾದರೂ ಆ ದುಂಡಗಿನ ಚೀಲವನ್ನೇ ತೋರಿಸುತ್ತಾರೆ, ಅಲ್ವಾ? ಅದು ತಲೆಯಲ್ಲ. ಹೊಟ್ಟೆ, ಕಿವಿರು, ಮೂರು ಹೃದಯಗಳು ಇರುವ ಮೈ. ತಲೆ ಇರುವುದು ಆ ಚೀಲಕ್ಕೂ ತೋಳುಗಳಿಗೂ ನಡುವೆ, ಕಣ್ಣುಗಳಿರುವ ಸಣ್ಣ ಜಾಗದಲ್ಲಿ. ಗಾಜಿನಲ್ಲಿ ಅದನ್ನು ಮಾಡಲು ಕೂತ ದಿನ ಇದು ನನಗೆ ಮನದಟ್ಟಾಯಿತು.

ಈ ಹುಚ್ಚು ಹತ್ತಿದ್ದು 2016ರಲ್ಲಿ, ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗಾಜಿನ ಮ್ಯೂಸಿಯಂನಲ್ಲಿ. ಲಿಯೋಪೋಲ್ಡ್ ಬ್ಲಾಶ್ಕಾ ಮತ್ತು ಅವರ ಮಗ ರುಡಾಲ್ಫ್ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕೂತು ಮಾಡಿದ ಸಮುದ್ರಜೀವಿಗಳು ಅಲ್ಲಿದ್ದವು. ಕಾರ್ನೆಲ್ ವಿಶ್ವವಿದ್ಯಾಲಯ 1885ರಲ್ಲಿ ಪಾಠಕ್ಕೆಂದು ಕೊಂಡಿದ್ದ ಮಾದರಿಗಳು. ಮೂಳೆಯಿಲ್ಲದ ಜೀವಿಗಳನ್ನು ಸ್ಪಿರಿಟ್‌ನಲ್ಲಿ ಹಾಕಿಟ್ಟರೆ ಬಣ್ಣ ಹೋಗುತ್ತದೆ, ಮೈ ಮುದುಡುತ್ತದೆ. ಅದಕ್ಕೇ ಗಾಜು. 1853ರಲ್ಲಿ ಲಿಯೋಪೋಲ್ಡ್ ಅಮೆರಿಕಕ್ಕೆ ಹೊರಟಿದ್ದ ಹಡಗು ಗಾಳಿಯಿಲ್ಲದೆ ಅಟ್ಲಾಂಟಿಕ್ ನಡುವೆ ನಿಂತುಬಿಟ್ಟಿತ್ತು. ಆಗ ಕತ್ತಲ ನೀರಿನಲ್ಲಿ ಹೊಳೆಯುವ ಜೆಲ್ಲಿಫಿಶ್‌ಗಳನ್ನು ಅವರು ನೋಡುತ್ತಾ ಕೂತಿದ್ದರಂತೆ. ಹಾರ್ವರ್ಡ್‌ನಲ್ಲಿರುವ ಅವರ ಗಾಜಿನ ಹೂಗಳಿಗೇ ಹೆಸರು ಜಾಸ್ತಿ. ನನಗೆ ಮಾತ್ರ ಈ ಜೀವಿಗಳೇ ಮೇಲು. ಕರಗಿದ ಗಾಜಿಗೂ ಅವುಗಳ ಮೈಗೂ ಒಂದೇ ಗುಣ. ಎರಡೂ ಜೋತುಬೀಳುತ್ತವೆ, ಸುರುಳಿಯಾಗುತ್ತವೆ.

ಆಮೇಲೆ ಗಾಜು ಕಾಯಿಸುವುದನ್ನು ಕಲಿಯಲು ಸೇರಿಕೊಂಡೆ. ಆಕ್ಟೋಪಸ್ ಮಾಡುತ್ತೇನೆ ಎಂದಾಗ ಕಲಿಸುವವರು ಗಾಜು ಕರಗಿಸುವ ಉರಿಯ ಟಾರ್ಚ್ ಹಚ್ಚಲು ಬಿಡಲಿಲ್ಲ. "ಮೊದಲು ಕಣ್ಣು ಎಲ್ಲಿ ಬರುತ್ತೆ, ಚಿತ್ರ ಬರೆದು ತೋರಿಸಿ" ಎಂದರು. ಬರೆದೆ, ಅಳಿಸಿದೆ, ಫೋಟೋ ನೋಡಿ ಮತ್ತೆ ಬರೆದೆ. ಕಣ್ಣಿನ ಪಾಪೆ ದುಂಡಗಿಲ್ಲ, ಅಡ್ಡ ಗೀರಿನ ಹಾಗಿದೆ ಅಂತ ಗಮನಿಸಿದ್ದೂ ಆಗಲೇ.

ಗಾಜಿನ ಕಡ್ಡಿಯ ತುದಿ ಉರಿಯಲ್ಲಿ ಕೆಂಪಾಗಿ, ಜೇನಿನ ಹಾಗೆ ಇಳಿಯತೊಡಗಿತು. ತಿರುಗಿಸುತ್ತಲೇ ಇರಬೇಕು, ನಿಲ್ಲಿಸಿದರೆ ಒಂದು ಕಡೆ ಜೋಲುತ್ತದೆ. ಮೈ ಸುಲಭವಾಗಿಯೇ ಬಂತು. ಕಷ್ಟವೆಲ್ಲ ತೋಳುಗಳದ್ದು. ತೆಳ್ಳಗಿನದು ಬೇಗ ಆರುತ್ತದೆ, ದಪ್ಪಗಿನದು ನಿಧಾನವಾಗಿ. ಈ ಅಂತರ ಹೆಚ್ಚಾದರೆ ಟಕ್ ಅಂತ ಸೀಳುತ್ತದೆ. ಹಾಗಾಗಿ ಒಂದು ತೋಳು ಅಂಟಿಸಿದ ಮೇಲೆ ಇಡೀ ಮೈಯನ್ನು ಮತ್ತೆ ಉರಿಗೆ ತೋರಿಸಬೇಕು. ಎದುರು ಬದಿಗೆ ಇನ್ನೊಂದು, ಮತ್ತೆ ಉರಿ. ತುದಿಯನ್ನು ಚಿಮಟದಲ್ಲಿ ಹಿಡಿದು ಸುರುಳಿ ಸುತ್ತುವ ಆ ಎರಡು ಕ್ಷಣದಲ್ಲಿ ಗಾಜು ನಿಜಕ್ಕೂ ಜೀವಂತವಾಗಿ ಬಳುಕುತ್ತದೆ. ಆ ಖುಷಿಗೆ ನಾನು ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ.

ತೋಳಿನ ಒಳಬದಿಗೆ ಎರಡು ಸಾಲು ಬಿಳಿ ಚುಕ್ಕೆ ಇಟ್ಟೆ, ಹೀರುಬಟ್ಟಲುಗಳಿಗೆ. ಕಣ್ಣಿಗೆ ಕಪ್ಪು ಗಾಜಿನ ಕೂದಲೆಳೆ. ನೇರ ಬಿಸಿ ಗೂಡಿಗೆ ಸೇರಿಸಿದೆವು. ನಮ್ಮದು ಬೊರೊಸಿಲಿಕೇಟ್, ಅಂದರೆ ಬಿಸಿ ತಡೆಯುವ ಗಾಜು. ಸುಮಾರು 565 ಡಿಗ್ರಿಯಲ್ಲಿ ಇಟ್ಟು ನಿಧಾನವಾಗಿ ಇಳಿಸಿದರೆ ಮಾತ್ರ ಒಳಗಿನ ಬಿಗುವು ಹೋಗುತ್ತದೆ.

ಮರುದಿನ ತೆಗೆದಾಗ ಎಂಟೂ ತೋಳು ಸರಿಯಾಗಿದ್ದವು. ಕಲಿಸುವವರು ತಿರುಗಿಸಿ ತಿರುಗಿಸಿ ನೋಡಿ, "ತೋಳುಗಳ ನಡುವಿನ ಪೊರೆ ಎಲ್ಲಿ?" ಎಂದರು. ಅದಕ್ಕೆ ಕಡ್ಡಿ ಸಾಲದು, ಟೊಳ್ಳು ಕೊಳವೆ ಊದಿ ತೆಳ್ಳಗೆ ಮಾಡಬೇಕಂತೆ. ಈಗ ಊದುವುದನ್ನು ಕಲಿಯುತ್ತಿದ್ದೇನೆ.