ಮಸೂರದ ಪ್ರತಿ ಚೂರಿನಲ್ಲೂ ಇಡೀ ಮೇಣದಬತ್ತಿ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಬೆಳಕಿನ ಅಧ್ಯಾಯದ ಕೊನೆಯ ಅಭ್ಯಾಸದಲ್ಲಿ ಒಂದು ಪ್ರಶ್ನೆಯಿದೆ: ಪೀನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ವಸ್ತುವಿನ ಪೂರ್ಣ ಪ್ರತಿಬಿಂಬ ಉಂಟಾಗುತ್ತದೆಯೇ? ಉತ್ತರವನ್ನು ಪ್ರಯೋಗದಿಂದ ಪರಿಶೀಲಿಸಬೇಕೆಂದೂ ಅಲ್ಲಿಯೇ ಹೇಳಿದೆ. ಮೊದಲ ಭಾಗಕ್ಕೆ ಮಕ್ಕಳೆಲ್ಲ ಉತ್ತರ ಬರೆಯುತ್ತಾರೆ. ಎರಡನೆಯದನ್ನು ಎಷ್ಟೋ ತರಗತಿಗಳಲ್ಲಿ ಓದಿ ಮುಂದೆ ಹೋಗಿಬಿಡುತ್ತೇವೆ. ಈ ವಾರ ನಾವು ಆ ಎರಡನೆಯ ಮಾತನ್ನು ಪಾಲಿಸಿದೆವು. ಅಂದು ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಅಡುಗೆ ಮಾಡುವಾಗಲೂ ಬಸ್ಸಿನಲ್ಲಿ ಕುಳಿತಾಗಲೂ ನನ್ನ ಕಿವಿಯಲ್ಲಿಯೇ ಇದೆ.

ತೀರ್ಥಹಳ್ಳಿ ಸೀಮೆಯ ಆಷಾಢದ ಮಳೆಯ ಬಗ್ಗೆ ವಿವರಿಸುವ ಅಗತ್ಯವಿಲ್ಲ. ಬೆಳಗಿನಿಂದ ಕರೆಂಟು ಇರಲಿಲ್ಲ, ಹಗಲು ಹನ್ನೊಂದಕ್ಕೆ ಮುಸ್ಸಂಜೆಯ ಹಾಗಿತ್ತು. ಬೆಳಕಿನ ಪಾಠಕ್ಕೆ ಬಿಸಿಲು ಬೇಕು, ಮಳೆಗಾಲ ಕಳೆಯಲಿ ಎಂದು ಪ್ರಯೋಗಗಳನ್ನು ಮುಂದೂಡುವ ರೂಢಿ ನಮ್ಮ ಕಡೆ ಇದೆ. ಪಟ್ಟಕದಿಂದ ಬಣ್ಣಗಳನ್ನು ಬಿಡಿಸಿ ತೋರಿಸಲು ಬಿಸಿಲು ಬೇಕು ಎನ್ನುವುದು ನಿಜ, ಆದರೆ ಮಸೂರದ ಪ್ರಯೋಗಕ್ಕೆ ಬೇಕಾದದ್ದು ಕತ್ತಲೆ, ಅದು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬೇಕಾದಷ್ಟು ಸಿಗುತ್ತದೆ. ಒಂದು ಕಿಟಕಿಯನ್ನು ಬಿಟ್ಟು ಉಳಿದೆಲ್ಲವನ್ನೂ ಮುಚ್ಚಿಸಿ, ಮಸೂರವನ್ನು ಕಿಟಕಿಯ ಎದುರಿನ ಗೋಡೆಯ ಬಳಿ ಹಿಡಿದು ಹಿಂದೆ ಮುಂದೆ ಸರಿಸಿದೆ. ಸುಣ್ಣ ಬಳಿದ ಗೋಡೆಯ ಮೇಲೆ ಹೊರಗಿನ ಅಡಿಕೆ ಮರಗಳು, ನೆನೆದ ಹೆಂಚಿನ ಮಾಡು, ಕೊಡೆ ಹಿಡಿದು ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು, ಎಲ್ಲವೂ ಬಣ್ಣಸಹಿತ, ಚಲನೆಸಹಿತ, ತಲೆಕೆಳಗಾಗಿ ಮೂಡಿದವು. ಮಕ್ಕಳು ಬೆಂಚು ಬಿಟ್ಟು ಎದ್ದು ಬಂದರು. ಮಸೂರಕ್ಕೂ ಗೋಡೆಗೂ ಇದ್ದ ಅಂತರವನ್ನು ಅವರೇ ಅಳೆದರು: 20 ಸೆಂಟಿಮೀಟರಿನ ಆಸುಪಾಸು. ಅದೇ ಈ ಮಸೂರದ ಸಂಗಮದೂರ ಎಂದಾಗ, ಅಷ್ಟು ದಿನ ಸೂತ್ರದಲ್ಲಿ ಬರಿಯ ಅಕ್ಷರವಾಗಿದ್ದದ್ದು ಸ್ಕೇಲಿನಲ್ಲಿ ಅಳೆಯಬಹುದಾದ ಅಂತರವಾಯಿತು.

ಆಮೇಲೆ ಮೇಣದಬತ್ತಿ. ಮಸೂರದಿಂದ 30 ಸೆಂಟಿಮೀಟರ್ ದೂರದಲ್ಲಿ ಇಟ್ಟ ಬತ್ತಿಯ ಪ್ರತಿಬಿಂಬ ಆಚೆ ಬದಿಯಲ್ಲಿ 60 ಸೆಂಟಿಮೀಟರಿನಲ್ಲಿ, ಎರಡು ಪಟ್ಟು ದೊಡ್ಡದಾಗಿ, ತಲೆಕೆಳಗಾಗಿ ಬಿತ್ತು. ಈಗ ಮಸೂರದ ಮೇಲರ್ಧವನ್ನು ರಟ್ಟಿನಿಂದ ಮುಚ್ಚಿದರೆ ಪರದೆಯ ಮೇಲೆ ಏನಾಗುತ್ತದೆ ಎಂದು ಚೀಟಿಯಲ್ಲಿ ಬರೆದು ಕೊಡಲು ಹೇಳಿದೆ. ಹೆಚ್ಚು ಕಡಿಮೆ ಎಲ್ಲರೂ ಅರ್ಧ ಪ್ರತಿಬಿಂಬ ಹೋಗುತ್ತದೆ ಎಂದೇ ಬರೆದರು; ಹೋಗುವುದು ಜ್ವಾಲೆಯ ಕಡೆಯ ಅರ್ಧವೋ ಬುಡದ ಕಡೆಯ ಅರ್ಧವೋ ಎಂಬುದರಲ್ಲಿ ಮಾತ್ರ ಜಗಳ. ಮುಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ "ಪೂರ್ಣ ಪ್ರತಿಬಿಂಬ ಉಂಟಾಗುತ್ತದೆ, ಆದರೆ ಅದರ ಪ್ರಕಾಶ ಕಡಿಮೆಯಾಗುತ್ತದೆ" ಎಂದು ಬರೆದಿದ್ದ. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

"ಗೈಡಲ್ಲಿ ಹಂಗೇ ಇದೆ ಮೇಡಂ."

"ಅದು ಸರಿ. ನಿನಗೆ ಏನನ್ನಿಸುತ್ತೆ?"

ಅವನು ಮೇಣದಬತ್ತಿಯನ್ನೂ ಮಸೂರವನ್ನೂ ನೋಡಿ, "ಅರ್ಧ ಹೋಗ್ಬೇಕು ಅನ್ಸುತ್ತೆ" ಎಂದ.

ಅವನು ಪ್ರಾಮಾಣಿಕ ಹುಡುಗ. ಅಕ್ಷರ ಚೆಂದ, ಮನೆಗೆಲಸ ತಪ್ಪಿಸಿದವನಲ್ಲ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಾನೆ. ಸರಿಯಾದ ಉತ್ತರವೂ ಅದಕ್ಕೆ ವಿರುದ್ಧವಾದ ನಂಬಿಕೆಯೂ ಒಂದೇ ತಲೆಯಲ್ಲಿ ಒಂದನ್ನೊಂದು ಮುಟ್ಟದೆ ಇರಲು ನಾವು ಬಿಟ್ಟಿದ್ದೇವೆ. ಇದರಲ್ಲಿ ಅವನ ತಪ್ಪು ಎಳ್ಳಷ್ಟೂ ಇಲ್ಲ.

ರಟ್ಟು ಇಟ್ಟೆವು. ಪರದೆಯ ಮೇಲೆ ಇಡೀ ಮೇಣದಬತ್ತಿ ಹಾಗೆಯೇ ಇತ್ತು. ರಟ್ಟಿನ ಸಂದಿನಿಂದ ಬೆಳಕು ನುಸುಳಿರಬೇಕೆಂದು ಒಬ್ಬ ಅದನ್ನು ಮಸೂರಕ್ಕೆ ಒತ್ತಿ ಹಿಡಿದ. ರಟ್ಟು ತೆಳುವಾಯಿತೆಂದು ಇನ್ನೊಬ್ಬ ನೋಟ್‌ಬುಕ್ಕಿನ ಹೊದಿಕೆಯನ್ನೇ ಅಡ್ಡ ಹಿಡಿದ. ಬೆಳಕು ಅರ್ಧಕ್ಕೆ ಇಳಿದರೂ ನಮ್ಮ ಕಣ್ಣಿಗೆ ಅರ್ಧದಷ್ಟು ಮಂಕಾದಂತೆ ತೋರುವುದಿಲ್ಲವಾದ್ದರಿಂದ, ಪ್ರಕಾಶ ಕಡಿಮೆಯಾಗಿದೆ ಎಂಬ ಪುಸ್ತಕದ ಮಾತನ್ನೂ ಕೆಲವರು ಒಪ್ಪಲಿಲ್ಲ. ರಟ್ಟನ್ನು ಇಟ್ಟು ತೆಗೆದು ಇಟ್ಟು ತೋರಿಸಿದ ಮೇಲೆಯೇ ವ್ಯತ್ಯಾಸ ಗೊತ್ತಾಯಿತು.

ಆಗ ಹಿಂದಿನ ಬೆಂಚಿನಿಂದ ಆ ಹುಡುಗಿ ಬಂದಳು. ಹಾಜರಿ ಕೂಗುವಾಗ ಬಿಟ್ಟರೆ ಅವಳ ಧ್ವನಿ ತರಗತಿಯಲ್ಲಿ ಕೇಳುವುದು ಅಪರೂಪ. ಓದಿನಲ್ಲಿ ಹಿಂದೆ ಎಂದು ಎಲ್ಲರೂ ಬರೆದಿಟ್ಟುಬಿಟ್ಟಿರುವ ಮಗು. ರಟ್ಟನ್ನು ಕೈಗೆ ತೆಗೆದುಕೊಂಡು ಕೆಳಗಿನ ಅರ್ಧ ಮುಚ್ಚಿದಳು, ಎಡಗಡೆ ಮುಚ್ಚಿದಳು, ಬಲಗಡೆ ಮುಚ್ಚಿದಳು. ಅಷ್ಟಕ್ಕೆ ಬಿಡದೆ ಕೈವಾರದ ಮುಳ್ಳಿನಿಂದ ರಟ್ಟಿನಲ್ಲಿ ಅಂಗಿಯ ಗುಂಡಿಯಷ್ಟು ತೂತು ಮಾಡಿ, ಇಡೀ ಮಸೂರವನ್ನು ಮುಚ್ಚಿ, ಆ ತೂತನ್ನು ಮಸೂರದ ಮೇಲೆ ಅತ್ತಿತ್ತ ಸರಿಸಿದಳು. ಎಲ್ಲಿ ಸರಿಸಿದರೂ ಪರದೆಯ ಮೇಲೆ ಬುಡದಿಂದ ಜ್ವಾಲೆಯ ತುದಿಯವರೆಗೂ ಬತ್ತಿ ಪೂರ್ತಿಯಾಗಿ ಇತ್ತು. ಮಂಕಾಗಿತ್ತು, ಆದರೆ ಅಂಚು ಮೊದಲಿಗಿಂತ ಸ್ಫುಟವಾಗಿತ್ತು, ಇದನ್ನು ಗುರುತಿಸಿದವಳೂ ಅವಳೇ. ಆಮೇಲೆ ಕೇಳಿದಳು:

"ಹಂಗಾದ್ರೆ ಮೇಡಂ, ಮಸೂರದ ಒಂದೊಂದು ಚೂರಲ್ಲೂ ಇಡೀ ಮೇಣದಬತ್ತಿ ಇರುತ್ತಾ?"

ಇಷ್ಟು ವರ್ಷಗಳ ಪಾಠದಲ್ಲಿ ಈ ವಿಷಯವನ್ನು ಇಷ್ಟು ನೇರವಾಗಿ ಹೇಳಿದ ಮಾತನ್ನು ನಾನು ಕೇಳಿರಲಿಲ್ಲ. ಜ್ವಾಲೆಯ ಪ್ರತಿಯೊಂದು ಬಿಂದುವೂ ಎಲ್ಲ ದಿಕ್ಕಿಗೂ ಬೆಳಕನ್ನು ಕಳಿಸುತ್ತದೆ. ಆದ್ದರಿಂದ ಮಸೂರದ ಯಾವ ಚೂರನ್ನು ತೆಗೆದುಕೊಂಡರೂ ಅಲ್ಲಿಗೆ ಮೇಣದಬತ್ತಿಯ ಎಲ್ಲ ಬಿಂದುಗಳಿಂದಲೂ ಬೆಳಕು ಬಂದೇ ಇರುತ್ತದೆ. ಆ ಚೂರು ಒಂದೊಂದು ಬಿಂದುವಿನ ಬೆಳಕನ್ನೂ ಪರದೆಯ ಮೇಲೆ ಅದರದರ ಸ್ಥಾನಕ್ಕೆ ಬಗ್ಗಿಸಿ ಕಳಿಸುತ್ತದೆ. ಹೊಳೆಯುವ ವಸ್ತುವಿನ ಪ್ರತಿ ಬಿಂದುವಿನಿಂದಲೂ ಬೆಳಕು ಎಲ್ಲ ಕಡೆಗೆ ಹೊರಡುತ್ತದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆ ಇಬ್ನ್ ಅಲ್ ಹೈತಮ್ ವಿವರಿಸಿದ್ದ. ಕಣ್ಣಿನಿಂದ ಹೊರಟ ಕಿರಣ ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ದೊಡ್ಡ ದೊಡ್ಡ ವಿದ್ವಾಂಸರು ನಂಬಿದ್ದ ಮಾತನ್ನು ಅವನು ತರ್ಕದಿಂದಲೂ ಕತ್ತಲೆ ಕೋಣೆಯ ಪ್ರಯೋಗಗಳಿಂದಲೂ ಪರೀಕ್ಷಿಸಿ ತಳ್ಳಿಹಾಕಿದ. ಅವನು ಹೇಳಿದ ಆ ತತ್ತ್ವದ ಸಮೀಪಕ್ಕೆ ಈ ಹುಡುಗಿ ಒಂದು ರಟ್ಟಿನ ಚೂರಿನಿಂದ ತಾನಾಗಿಯೇ ಬಂದು ನಿಂತಿದ್ದಳು. ಹೌದು ಎಂದು ಹೇಳಿ, ಅವಳ ಪ್ರಶ್ನೆಯನ್ನು ಬೋರ್ಡಿನ ಮೇಲೆ ಅವಳ ಮಾತಿನಲ್ಲಿಯೇ ಬರೆದೆ.

ಮಕ್ಕಳ ಅರ್ಧ ಬಿಂಬದ ನಂಬಿಕೆಗೆ ನಾವು ಬೋರ್ಡಿನ ಮೇಲೆ ಬರೆಯುವ ಕಿರಣ ಚಿತ್ರವೇ ಬಹುಮಟ್ಟಿಗೆ ಕಾರಣ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ವಸ್ತುವಿನ ಬದಲಿಗೆ ಬರೆದ ಬಾಣದ ತುದಿಯಿಂದ ಎರಡು ಗೆರೆ ಎಳೆಯುತ್ತೇವೆ: ಮಸೂರದ ನಡುವೆ ನೇರವಾಗಿ ಹಾಯುವ ಪ್ರಧಾನ ಅಕ್ಷಕ್ಕೆ ಸಮಾಂತರವಾಗಿ ಒಂದು, ಮಸೂರದ ನಡುಬಿಂದುವಾದ ದೃಕ್ ಕೇಂದ್ರದ ಮೂಲಕ ಇನ್ನೊಂದು. ಅವು ಸಂಧಿಸಿದಲ್ಲಿ ಪ್ರತಿಬಿಂಬದ ತುದಿ. ಲೆಕ್ಕಕ್ಕೆ ಆ ಎರಡು ಸಾಕು, ಏಕೆಂದರೆ ಅವುಗಳ ದಾರಿ ಮೊದಲೇ ಗೊತ್ತು. ಆದರೆ ಮಗುವಿನ ಮನಸ್ಸಿನಲ್ಲಿ ಬತ್ತಿಯಿಂದ ಹೊರಡುವುದೇ ಎರಡು ಕಿರಣ ಎಂದಾಗುತ್ತದೆ, ಮೇಲಿನ ಕಿರಣಕ್ಕೆ ರಟ್ಟು ಅಡ್ಡ ಬಂದರೆ ಬಿಂಬ ಕೆಡಲೇಬೇಕು ಎಂದು ಅದು ಸರಿಯಾಗಿಯೇ ತರ್ಕಿಸುತ್ತದೆ. ಚಿತ್ರ ಬರೆಯುವ ಮುನ್ನ ಮೇಣದಬತ್ತಿಯನ್ನು ಹಚ್ಚಬೇಕು. ಈ ಕ್ರಮವನ್ನು ಯಾವ ಸುತ್ತೋಲೆಯೂ ತಡೆದಿಲ್ಲ.

ಇಷ್ಟರಲ್ಲಿ ಬಾಗಿಲಲ್ಲಿ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಿಂತಿದ್ದರು. "ಅಲ್ಲ ಮೇಡಂ, ಎರಡು ಮಾರ್ಕಿನ ಪ್ರಶ್ನೆಗೆ ಎರಡು ಪೀರಿಯಡ್ ಬೇಕಾ? ಪೋರ್ಷನ್ ಯಾವಾಗ ಮುಗಿಸ್ತೀರಿ?" ಎಂದು ಕೇಳಿದರು. ಅವರು ಮಕ್ಕಳ ಮೇಲೆ ಅಕ್ಕರೆ ಇರುವವರು. ಪರೀಕ್ಷೆಯ ಹತ್ತಿರ ಸಂಜೆ ಕತ್ತಲಾಗುವವರೆಗೆ ಕುಳಿತು ಪಾಸಾಗುವಷ್ಟು ಅಂಕಕ್ಕೆ ಬೇಕಾದ ಪ್ರಶ್ನೋತ್ತರಗಳ ಪಾಸಿಂಗ್ ಪ್ಯಾಕೇಜ್ ಮಾಡಿಸುತ್ತಾರೆ, ಅವರ ದೆಸೆಯಿಂದ ದಡ ಸೇರಿದ ಮಕ್ಕಳು ಎಷ್ಟೋ ಮಂದಿ. ಫಲಿತಾಂಶ ಇಳಿದಾಗ ಮೇಲಿನವರ ಮುಂದೆ ನಿಂತು ಉತ್ತರ ಕೊಡಬೇಕಾದವರೂ ಅವರೇ. ಅವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೂ ಅವರ ಲೆಕ್ಕವನ್ನು ಒಪ್ಪಲಾರೆ. ಆ ಹುಡುಗಿಯ ಪ್ರಶ್ನೆಗೆ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಅಂಕವಿಲ್ಲ, ಅದನ್ನು ಕೇಳುವ ಅವಕಾಶ ಅವಳಿಗೆ ಸಿಕ್ಕಿದ್ದು ರಟ್ಟು ಅವಳ ಕೈಯಲ್ಲಿದ್ದುದರಿಂದ. ಪ್ರಯೋಗವನ್ನು ನಾನೊಬ್ಬಳೇ ಮೇಜಿನ ಹಿಂದೆ ನಿಂತು ಮಾಡಿ ತೋರಿಸಿದ್ದರೆ ಅವಳು ಹಿಂದಿನ ಬೆಂಚಿನಲ್ಲಿಯೇ ಇರುತ್ತಿದ್ದಳು.

ಫೆಬ್ರವರಿ 28ರಂದು ವಿಜ್ಞಾನ ದಿನವೆಂದು ಎಲ್ಲೆಡೆ ಭಾಷಣಗಳು ನಡೆಯುತ್ತವೆ. ಚದುರಿದ ಬೆಳಕಿನ ಸ್ವಲ್ಪ ಭಾಗದ ಬಣ್ಣ ಬದಲಾಗುತ್ತದೆ ಎಂಬ 1928ರ ಆವಿಷ್ಕಾರಕ್ಕೆ, ಅಂದರೆ ರಾಮನ್ ಪರಿಣಾಮಕ್ಕೆ, ಸಿ. ವಿ. ರಾಮನ್ ಮೊದಲು ಬಳಸಿದ ದೀಪ ಸೂರ್ಯನೇ, ಬಣ್ಣದ ವ್ಯತ್ಯಾಸವನ್ನು ಗುರುತಿಸಿದ ಸಾಧನ ಬರಿಗಣ್ಣೇ ಎಂಬುದನ್ನು ಆ ಭಾಷಣಗಳಲ್ಲಿ ಯಾರಾದರೂ ಹೇಳಿದರೆ, ಸಾಮಗ್ರಿಯಿಲ್ಲ ಎನ್ನುವ ನಮ್ಮ ಮಾತಿನ ಬಲ ತುಸು ಕುಗ್ಗೀತು. ನಮಗೆ ಬೇಕಾದದ್ದು ಒಂದು ಮಸೂರ, ಒಂದು ಮೇಣದಬತ್ತಿ, ಲಗ್ನಪತ್ರಿಕೆಯ ರಟ್ಟು. ಜೊತೆಗೆ, ಮಕ್ಕಳು ತಪ್ಪು ಊಹೆ ಬರೆದಾಗ ತಕ್ಷಣ ತಿದ್ದದೆ ಕಾಯುವಷ್ಟು ಹೊತ್ತು ಬೇಕು, ಅದನ್ನು ನಮ್ಮ ವೇಳಾಪಟ್ಟಿ ಕೊಡುವುದಿಲ್ಲ.

ಮರುದಿನ ಇನ್ನೊಬ್ಬಳು ಬಂದು, ಅಜ್ಜಿಗೆ ಕಣ್ಣಿನ ಪೊರೆ ಇದೆ, ಆದರೆ ಅವರಿಗೆ ಎದುರಿಗಿರುವುದರಲ್ಲಿ ಒಂದು ತುಂಡು ಕಾಣದೇ ಹೋಗುವುದಿಲ್ಲ, ಎಲ್ಲವೂ ಮಂಜು ಮುಸುಕಿದ ಹಾಗೆ ಕಾಣುತ್ತದಂತೆ, ನಿನ್ನೆಯ ರಟ್ಟಿಗೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿದಳು. ಇದೆ. ಪೊರೆ ಬರುವುದು ಕಣ್ಣಿನ ಮಸೂರಕ್ಕೆ. ಆ ಮಸೂರದ ಒಂದು ಭಾಗ ಮಬ್ಬಾದರೂ ಉಳಿದ ಭಾಗದ ಮೂಲಕ ಇಡೀ ದೃಶ್ಯ ಒಳಗೆ ಬರುತ್ತದೆ. ಮಬ್ಬಾದ ಭಾಗ ರಟ್ಟಿನಂತೆ ಬೆಳಕನ್ನು ತಡೆದು ಸುಮ್ಮನಾಗದೆ ಚದುರಿಸಿಬಿಡುವುದರಿಂದ ಆ ಚೆದುರಿದ ಬೆಳಕು ಬಿಂಬದ ಮೇಲೆಲ್ಲ ಹರಡಿ ಮಂಜಿನಂತೆ ತೋರುತ್ತದೆ. ಅಜ್ಜಿಯನ್ನು ಬೇಗ ಕಣ್ಣಿನ ವೈದ್ಯರಿಗೆ ತೋರಿಸುವಂತೆ ಮನೆಯಲ್ಲಿ ಹೇಳು ಎಂದೂ ಸೇರಿಸಿದೆ.

ರಟ್ಟಿಗೆ ತೂತು ಮಾಡಿದ ಹುಡುಗಿ ಶುಕ್ರವಾರ ಮತ್ತೆ ಬಂದಿದ್ದಳು. ತೂತು ಎಷ್ಟು ಸಣ್ಣದಾದರೆ ಬತ್ತಿಯ ಚಿತ್ರ ಇಲ್ಲವಾಗುತ್ತದೆ ಎಂಬುದು ಈಗ ಅವಳ ಪ್ರಶ್ನೆ. ಉತ್ತರ ಹೇಳಲಿಲ್ಲ. ಮುಂದಿನ ವಾರ ಗುಂಡುಸೂಜಿಯಿಂದ ತೂತು ಮಾಡಿದ ರಟ್ಟನ್ನು ಇಟ್ಟು, ಮಸೂರವನ್ನೇ ತೆಗೆದುಬಿಡೋಣ, ಏನಾಗುತ್ತದೆಂದು ಎಲ್ಲರೂ ಮೊದಲೇ ಚೀಟಿಯಲ್ಲಿ ಬರೆದು ಕೊಡಬೇಕು ಎಂದಿದ್ದೇನೆ. ಮೊದಲ ಚೀಟಿ ಅವಳದೇ ಬಂದಿದೆ. ಗೈಡು ನೋಡುವ ಹುಡುಗ ಇನ್ನೂ ಕೊಟ್ಟಿಲ್ಲ. ಯೋಚಿಸಬೇಕು, ಸೋಮವಾರ ಕೊಡುತ್ತೇನೆ ಎಂದಿದ್ದಾನೆ.